ಮ್ಯೂನಿಕ್ ಮನೆಯಲ್ಲಿ ರಾಯಚೂರಿನ ಊಟ

ಜೂನ್‌ನಲ್ಲಿ ಆಫೀಸಿನ ಐದು ಜನರನ್ನು ಮನೆಗೆ ಊಟಕ್ಕೆ ಕರೆದಿದ್ದೆ. ಮ್ಯೂನಿಕ್‌ಗೆ ಬಂದು ಮೂರು ವರ್ಷ ಆಯ್ತು, ಅವರ ಮನೆಗಳಲ್ಲಿ ಎಷ್ಟೋ ಸಲ ಉಂಡಿದ್ದೇವೆ, ನಮ್ಮ ರಾಯಚೂರಿನ ಊಟ ಮಾತ್ರ ಅವರಿಗೆ ಹಾಕಿರಲೇ ಇಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅನ್ನ ಸಾರು. ಏನು ಮಾಡಬೇಕು ಅನ್ನೋದು ಹತ್ತು ನಿಮಿಷದಲ್ಲಿ ತೀರ್ಮಾನ ಆಯ್ತು.

ಇಲ್ಲಿ ಊಟಕ್ಕೆ ಕರೆಯುವಾಗಲೇ ನಿಮಗೆ ಯಾವುದು ಆಗಿ ಬರಲ್ಲ ಅಂತ ಕೇಳಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ಅವ್ವನಿಗೆ ಸರಿ ಅನ್ನಿಸಲಿಲ್ಲ. "ಯವ್ವಾ, ಮನಿಗೆ ಕರ್ದು ಏನ್ ತಿಂತೀರಿ ಅಂತ ಕೇಳ್ತಾರೇನು? ಮಾಡಿದ್ದು ಹಾಕ್ಬೇಕು. ಸಾಕಂದ್ರೂ ಇನ್ನೊಂದು ಹಾಕ್ಬೇಕು."

ಆದರೂ ಕೇಳಿದೆ. ನಮ್ಮ ಕಡೆಯ ಅಡುಗೆಯಲ್ಲಿ ಶೇಂಗಾ ಎಲ್ಲಿಲ್ಲ ಹೇಳಿ? ಚಟ್ನಿಯಲ್ಲಿ, ಎಣ್ಣೆಗಾಯಿ ಮಸಾಲೆಯಲ್ಲಿ, ಎಣ್ಣೆಯಲ್ಲಿ. ಶೇಂಗಾ ಅಲರ್ಜಿ ಜೋರಾಗಿ ಇದ್ದವರಿಗೆ ಅದು ಜೀವಕ್ಕೇ ಅಪಾಯ. ಪುಣ್ಯಕ್ಕೆ ಬಂದವರಲ್ಲಿ ಯಾರಿಗೂ ಅದಿರಲಿಲ್ಲ. ಒಬ್ಬ ಗೆಳತಿಗೆ ಮಾತ್ರ ಸೀಲಿಯಾಕ್ ಕಾಯಿಲೆ. ಅದಿದ್ದವರಿಗೆ ಗೋಧಿ, ಬಾರ್ಲಿ, ರೈ ಅನ್ನೋ ಧಾನ್ಯ ಇವುಗಳಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಸ್ವಲ್ಪ ಹೊಟ್ಟೆಗೆ ಹೋದರೂ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತದೆ. ಹೊರಗೆ ಊಟಕ್ಕೆ ಹೋದರೆ ಹೆದರಿಕೊಂಡೇ ತಿನ್ನಬೇಕು ಅಂದಳು. ಜೋಳದಲ್ಲಿ ಗ್ಲುಟೆನ್ ಇಲ್ಲ. ನನಗೆ ಎಷ್ಟು ಖುಷಿ ಆಯ್ತು ಅಂದರೆ, ಬ್ರೆಡ್ಡಿನ ದೇಶದಲ್ಲಿ ನಮ್ಮ ರೊಟ್ಟಿಯನ್ನು ಅವಳು ಎಲ್ಲರ ಜೊತೆ ಕೂತು ತಿನ್ನಬಹುದು ಅಲ್ವಾ!

ಅಷ್ಟು ಸುಲಭ ಇರಲಿಲ್ಲ. ಊರಿಂದ ತಂದಿದ್ದ ಹಿಟ್ಟು ಗಿರಣಿಯದು, ಅದೇ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ. ಹಾಗಾಗಿ ಗ್ಲುಟೆನ್ ಇಲ್ಲ ಅಂತ ಗುರುತಿರುವ ಪ್ಯಾಕೆಟ್ ಹಿಟ್ಟು ತಂದೆ. ಚಪಾತಿ ಮಾಡುವ ತವಾ ಬದಿಗಿಟ್ಟು ಹೊಸ ಹಂಚು ಕೊಂಡೆ. ಎಲ್ಲಾ ಸರಿ ಮಾಡಿದೆ ಅಂದುಕೊಂಡು ಸಾರಿನ ಒಗ್ಗರಣೆಗೆ ಇಂಗಿನ ಡಬ್ಬಿ ತೆಗೆದವಳು ಸುಮ್ನೆ ತಿರುಗಿಸಿ ಓದಿದೆ. ಗೋಧಿ ಹಿಟ್ಟು! ನಾವು ಕೊಳ್ಳುವ ಇಂಗಿನ ಡಬ್ಬಿಗಳಲ್ಲಿ ಬಹಳಷ್ಟಕ್ಕೆ ಅದನ್ನು ಬೆರೆಸಿರುತ್ತಾರೆ. ಯುರೋಪಿನಲ್ಲಿ ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಎದ್ದು ಕಾಣುವಂತೆ ಅಚ್ಚು ಹಾಕಬೇಕು ಅಂತ ಕಾನೂನಿದೆ, ಅದಕ್ಕೇ ಕಣ್ಣಿಗೆ ಬಿತ್ತು. ಡಬ್ಬಿ ಹಿಡಿದ ಕೈ ನಡುಗಿತು. ಸಾರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆ.

ಪ್ಯಾಕೆಟ್ ಹಿಟ್ಟಿಗೆ ಜಿಗಿ ಕಮ್ಮಿ. ಬೀಸಿ ಬಹಳ ದಿನ ಆದ ಹಿಟ್ಟು ಹಾಗೇ, ತಟ್ಟಿದರೆ ಅಂಚು ಬಿರಿಯುತ್ತದೆ. ಎಸರು ಚೆನ್ನಾಗಿ ಕುದಿಸಿ, ಹಿಟ್ಟನ್ನು ಅದರಲ್ಲೇ ಸ್ವಲ್ಪ ಬೇಯಿಸಿ, ಕೈ ಸುಡುವಾಗಲೇ ನಾದಿದ ಮೇಲೆ ಹಿಡಿತಕ್ಕೆ ಬಂತು.

ಏಳಕ್ಕೆ ಅಂದಿದ್ದೆ, ಏಳಕ್ಕೇ ಬೆಲ್ ಆಯ್ತು. ನಮ್ಮಲ್ಲಾದರೆ ಎಂಟೂವರೆ ತನಕ ಟೈಮ್ ಇರುತ್ತಿತ್ತು. ನನ್ನ ಸಲಹೆ ಇಷ್ಟೇ, ಪಲ್ಯ ಚಟ್ನಿ ಎಲ್ಲಾ ಆರಕ್ಕೇ ಮುಗಿಸಿ, ರೊಟ್ಟಿ ಮಾತ್ರ ಬಿಸಿ ಬಿಸಿ ಮಾಡಿ. ಮನೆಯವರು ಬಡಿಸಲು ನಿಂತರು, ನಾನು ಹಂಚಿನ ಮುಂದೆ. ರೊಟ್ಟಿ ಉಬ್ಬುವುದನ್ನು ನೋಡಲು ಒಬ್ಬೊಬ್ಬರೇ ತಟ್ಟೆ ಹಿಡಿದು ಅಡುಗೆಮನೆಗೇ ಬಂದರು. ಟೇಬಲ್ ಖಾಲಿ, ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇಲ್ಲ, ಆ ಗೆಳತಿ ನಾಲ್ಕನೇ ರೊಟ್ಟಿಗೆ ಗುರೆಳ್ಳು ಚಟ್ನಿ, ಮೊಸರು ಕಲಸಿಕೊಂಡು ತಿನ್ನುತ್ತಿದ್ದಳು. ಯಾರಾದರೂ ಸಾಕು ಅಂದರೆ ನಾನು ಮತ್ತೆ ಹಾಕಲಿಲ್ಲ. ಅದು ನನಗೆ ನಿಜಕ್ಕೂ ಕಷ್ಟ ಆಯ್ತು, ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಹತ್ತರ ಮೇಲೆ ಕಟ್ಟಡದಲ್ಲಿ ಸದ್ದು ಮಾಡುವಂತಿಲ್ಲ, ಮೆಟ್ಟಿಲ ಮೇಲೆ ಪಿಸುಮಾತಿನಲ್ಲೇ ಬೀಳ್ಕೊಟ್ಟೆವು.

ಮರುದಿನ ಅವ್ವನಿಗೆ ಎಲ್ಲಾ ಹೇಳಿದೆ. ಇಂಗಿನ ವಿಷಯ ಕೇಳಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಆ ಹುಡುಗಿಗೆ ಮತ್ತೇನೇನು ಆಗಂಗಿಲ್ಲ, ಸರಿಯಾಗಿ ಕೇಳಿ ಹೇಳು" ಅಂದಳು. ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇವೆ. ಗಿರಣಿ ಬೇಡ ಅಂತ, ಮೂಲೆಯಲ್ಲಿದ್ದ ಬೀಸೋಕಲ್ಲನ್ನು ಈಗಲೇ ತೊಳೆದು ಇಟ್ಟಿದ್ದಾಳಂತೆ.