ತೇಗದ ಹಲಗೆ, ಅಂಟಿನ ತೊಲೆ

ಬಸವನಗುಡಿಯ ನಮ್ಮ ಹಳೇ ಮನೆಯ ಪಡಸಾಲೆಗೆ 18 ಅಡಿ ಉದ್ದದ ತೊಲೆ ಬೇಕಿತ್ತು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗಳಲ್ಲಿ ಅಲೆದರೂ ಅಷ್ಟುದ್ದದ, ಗಂಟಿಲ್ಲದ ತೇಗ ಸಿಗಲಿಲ್ಲ. ಕೊನೆಗೆ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿದ ಗ್ಲೂಲ್ಯಾಮ್ ತೊಲೆಯನ್ನೇ ಮಾಡಿಸಿದೆವು.

ತೇಗದ ಮೈಯೆಲ್ಲಾ ಎಣ್ಣೆ ಅಲ್ವಾ? ಅಂಟು ಸುಲಭವಾಗಿ ಹಿಡಿಯಲ್ಲ. ಹಾಗಾಗಿ ಆಚಾರ್ರು ಬೆಳಿಗ್ಗೆ ಕೀಸಿದ ಹಲಗೆಗೆ ಅವತ್ತೇ ಅಂಟು ಹಚ್ಚಿದರು. "ನಾಳೆಗೆ ಬಿಟ್ರೆ ಎಣ್ಣೆ ಮೇಲಕ್ಕೆ ಬರುತ್ತೆ ಸಾರ್" ಅಂದರು. ಹಲಗೆಯ ತೇವಾಂಶ ಶೇ. 12 ಇತ್ತು, ಅಂಟಿಸೋಕೆ ಸರಿಯಾಗಿ ಒಣಗಿತ್ತು.

ಮಾಮೂಲಿ ಬಿಳಿ ಅಂಟು ಮಾತ್ರ ಬೇಡವೇ ಬೇಡ. ವರ್ಷಗಟ್ಟಲೆ ಭಾರ ಬಿದ್ದರೆ ಅದು ನಿಧಾನವಾಗಿ ಜಾರುತ್ತದೆ. ನಾವು ಬಳಸಿದ್ದು ರಿಸಾರ್ಸಿನಾಲ್ ಅಂಟು, ಒಣಗಿದ ಮೇಲೆ ಭಾರಕ್ಕೆ ಹಾಗೆ ಜಾರದ ಗಟ್ಟಿ ಅಂಟು. ಕ್ಲಾಂಪ್ ಬಿಗಿದಾಗ ಅಂಚಿನುದ್ದಕ್ಕೂ ಅಂಟಿನ ಕಡು ಕಂದು ಮಣಿಗಳು ಸಾಲಾಗಿ ಹೊರಬಂದವು, ಅಂದರೆ ಅಂಟು ಅಂಚಿನವರೆಗೂ ಹರಡಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು.