ಓದಿದ ಹುಡುಗಿ, ಓದಿದ ಪುಸ್ತಕ

ಜುಲೈ 9, 2024, ಮಂಗಳವಾರ

ಸಂಜೆ ಬಂದ ಸುಮಾ ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಳು. ಇಂಟರ್‌ವ್ಯೂ ಹೇಗಾಯ್ತು ಅಂತ ಕೇಳುವ ಮೊದಲೇ ಕಣ್ಣು ತುಂಬಿತ್ತು.

“ಅಕ್ಕಾ, ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ದಿಸ್ ಜಾಬ್’ ಅಂದೆ. ಮೂರೂ ಜನ ನಕ್ಕುಬಿಟ್ಟರು. ಯಾಕೆ ಅಂತ ಒಬ್ಬರೂ ಹೇಳಲಿಲ್ಲ.”

ನನಗೆ ಸಿಟ್ಟು ಬಂತು. ನಗೋಕೆ ಸಮಯ ಇತ್ತು, ತಿದ್ದೋಕೆ ಇರಲಿಲ್ವಾ?

ಕಾಫಿ ಕೊಟ್ಟು ಕೂರಿಸಿದೆ. ಅವಳದ್ದೂ ಒಂದು ಲೆಕ್ಕ ಇತ್ತು. ಆಸಕ್ತಿ ಈಗ ಇದೆ, ಅದಕ್ಕೆ ‘ಇಂಗ್’. ‘ಎಡ್’ ಹಾಕಿದರೆ ಆಸಕ್ತಿ ಇತ್ತು, ಈಗ ಇಲ್ಲ ಅಂತ ಆಗಲ್ವಾ ಅಂದಳು. ಶಾಲೆಯಲ್ಲಿ ಒಂದನ್ನು ಪ್ರೆಸೆಂಟ್, ಇನ್ನೊಂದನ್ನು ಪಾಸ್ಟ್ ಅಂತ ಕಲಿಸುತ್ತಾರಲ್ಲ, ಆ ಹೆಸರೇ ದಾರಿ ತಪ್ಪಿಸುತ್ತದೆ.

“ಇಲ್ಲಿ ಕಾಲದ ಮಾತೇ ಇಲ್ಲ ಕಣೇ. ಆಸಕ್ತಿ ಹುಟ್ಟಿಸುವುದು ಇಂಟರೆಸ್ಟಿಂಗ್. ಅದು ಯಾರಲ್ಲಿ ಹುಟ್ಟಿತೋ ಅವರು ಇಂಟರೆಸ್ಟೆಡ್. ಕೆಲಸ ಇಂಟರೆಸ್ಟಿಂಗ್, ನೀನು ಇಂಟರೆಸ್ಟೆಡ್. ಪಾಠ ಬೋರಿಂಗ್, ಕೇಳಿದವರು ಬೋರ್ಡ್.”

ತಲೆ ಆಡಿಸಿದಳು. ಕಾಫಿ ಪೂರ್ತಿ ಕುಡಿಯಲಿಲ್ಲ.

ಅವಳು ಹೋದ ಮೇಲೂ ಅದೇ ಯೋಚನೆ. ನಾವು ‘ಓದಿದ ಹುಡುಗಿ’ ಅಂತೀವಿ, ‘ಓದಿದ ಪುಸ್ತಕ’ ಅಂತಲೂ ಅಂತೀವಿ. ಓದಿದ್ದು ಹುಡುಗಿ, ಓದಿಸಿಕೊಂಡಿದ್ದು ಪುಸ್ತಕ. ಎರಡಕ್ಕೂ ಒಂದೇ ‘ಓದಿದ’ ಸಾಕು. ‘ಓದುವ’ ಅಂದರೂ ಅಷ್ಟೇ. ಕೆಲಸ ಮುಗಿಯಿತೋ ಇಲ್ಲವೋ ಅನ್ನುವುದನ್ನು ಆ ಪದ ಹೇಳುತ್ತದೆ. ಯಾರು ಮಾಡಿದರು, ಯಾವುದಕ್ಕೆ ಆಯಿತು ಅನ್ನುವುದು ಮುಂದಿನ ಪದ ನೋಡಿದರೆ ತಾನಾಗಿ ಗೊತ್ತಾಗುತ್ತದೆ. ಇನ್ನು ಬೇಜಾರಂತೂ ‘ನನಗೆ’ ಆಗುತ್ತದೆ. ಆ ವಾಕ್ಯದಲ್ಲಿ ‘ನಾನು’ ಬರುವುದೇ ಇಲ್ಲ. ಇಂಥ ಮಾತಿನಲ್ಲಿ ಬೆಳೆದ ಹುಡುಗಿ ‘ಐ ಆಮ್’ ಅಂದ ಮೇಲೆ ತಡವರಿಸಿದರೆ ಅದು ದಡ್ಡತನ ಹೇಗಾಗುತ್ತದೆ?

ಮಳೆ ಜಾಸ್ತಿಯಾಗಿದೆ. ಕರೆಂಟ್ ಇಲ್ಲ.

ಅನ್ನಕ್ಕೆ ಎಸರು ಇಟ್ಟಾಗ ಇನ್ನೊಂದು ಹೊಳೆಯಿತು. ಬಾಯ್ಲಿಂಗ್ ವಾಟರ್ ಕುದಿಯುತ್ತಿರುವ ನೀರು, ಬಾಯ್ಲ್ಡ್ ವಾಟರ್ ಕುದಿಸಿದ ನೀರು, ಆರಿದ ಮೇಲೂ ಅದೇ ಹೆಸರು. ಫಾಲಿಂಗ್ ಲೀವ್ಸ್ ಬೀಳುತ್ತಿರುವ ಎಲೆ, ಫಾಲನ್ ಲೀವ್ಸ್ ಬಿದ್ದ ಎಲೆ. ಎಲೆಯನ್ನು ಯಾರೂ ಬೀಳಿಸಿಲ್ಲ, ಅದೇ ಬಿದ್ದಿದೆ. ಇಲ್ಲಿ ಕಾಲ ಇದೆ ಅಲ್ವಾ? ಅಂದರೆ ನಾನು ಅವಳಿಗೆ ಹೇಳಿದ್ದು ಅರ್ಧ ಮಾತ್ರ ಸರಿ. ಮನಸ್ಸಿಗೆ ಆಗುವುದಕ್ಕೆ ಒಂದು ಲೆಕ್ಕ, ಎಲೆಯ ಹಾಗೆ ತಾನಾಗಿ ನಡೆಯುವುದಕ್ಕೆ ಇನ್ನೊಂದು.

ಬೆಳಿಗ್ಗೆ ಹಾಲಿಗೆ ಬಂದಾಗ ಹೇಳಬೇಕು. ಎಲೆಯಿಂದ ಶುರು ಮಾಡಲಾ, ಇಲ್ಲ ‘ಟಯರ್ಡ್’ನಿಂದ...