ಹಲಸಿನ ಮೇಣ, ಬಿಗಿದ ಸ್ಕ್ರೂ

8 ಜೂನ್ 2025, ಭಾನುವಾರ
ಶಿರಸಿ

ಭಾವನ ಮಡಚುವ ಚಾಕು ಸುಮಾರು ದಿನದಿಂದ ನನ್ನ ಮೇಜಿನ ಮೇಲೇ ಬಿದ್ದಿತ್ತು. ಇವತ್ತು ಮಳೆ ಕಡಿಮೆ, ಕರೆಂಟೂ ಇತ್ತು. ಬಿಚ್ಚಲು ಕೂತೆ.

ಮನೆಯಲ್ಲಿ ಕತ್ತಿ ಇಟ್ಟುಕೊಂಡು ಇದರಲ್ಲಿ ಹಲಸಿನ ಹಣ್ಣು ಬಿಡಿಸುವ ಬುದ್ಧಿ ಅವರಿಗೆ ಯಾಕೆ ಬಂತೋ! ಮೇಣ ಅಲಗಿನ ಬುಡಕ್ಕೆ ಇಳಿದು ಕೀಲಿನೊಳಗೆ ಗಟ್ಟಿಯಾಗಿದೆ. ಅಲಗು ಅರ್ಧ ತೆರೆದುಕೊಂಡು ಅಲ್ಲೇ ನಿಲ್ಲುತ್ತದೆ. "ಸೀಮೆಎಣ್ಣೆ ಹಾಕಿ ನೋಡಿದೆ, ಜಗ್ಗಲಿಲ್ಲ. ನೀನೇ ಬಿಚ್ಚಿ ನೋಡು ಮಾರಾಯ" ಅಂತ ಕೊಟ್ಟು ಹೋಗಿದ್ದರು. ಕೈಗೆ, ಅಲಗಿಗೆ ಹತ್ತಿದ ಮೇಣಕ್ಕೆ ಕೊಬ್ಬರಿ ಎಣ್ಣೆ ಸಾಕು. ಆದರೆ ವಾಷರಿನ ಸಂದಿಗೆ ಹೋಗಿದ್ದನ್ನು ತೆಗೆಯಲು ಕೀಲು ಬಿಚ್ಚಲೇಬೇಕು.

ಕೀಲಿನ ಸ್ಕ್ರೂ ಟಾರ್ಕ್ಸ್ ಟಿ8. ತಲೆಯಲ್ಲಿ ಆರು ಮೂಲೆಯ ನಕ್ಷತ್ರದಂಥ ಗುಳಿ ಇರುತ್ತದಲ್ಲ, ಅದೇ. ತಿರುಗಿಸಲು ಹೋದರೆ ಬಂಡೆಗೆ ಕೂತ ಹಾಗೆ ಕೂತಿತ್ತು. ಇಲ್ಲಿ ಜೋರು ಮಾಡುವವರೇ ಜಾಸ್ತಿ. ಒಂದೋ ಬಿಟ್ಟಿನ (ಗುಳಿಗೆ ಕೂರಿಸುವ ಸ್ಕ್ರೂಡ್ರೈವರ್ ಮೊನೆ) ತುದಿ ಮುರಿಯುತ್ತದೆ, ಇಲ್ಲ ಸ್ಕ್ರೂ ತಲೆಯ ಗುಳಿ ಸವೆದು ದುಂಡಗಾಗುತ್ತದೆ. ಆಮೇಲೆ ಡ್ರಿಲ್ ಹಾಕುವುದೊಂದೇ ದಾರಿ.

ಸ್ಕ್ರೂ ಹೀಗೆ ಹಿಡಿದುಕೊಳ್ಳುವುದು ತುಕ್ಕಿನಿಂದಲ್ಲ, ಸಡಿಲವಾಗದಿರಲಿ ಅಂತ ಫ್ಯಾಕ್ಟರಿಯಲ್ಲಿ ಹಾಕಿದ ಥ್ರೆಡ್ ಲಾಕರ್‌ನಿಂದ. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಅಂಟು ಇದು. ಲಾಕ್‌ಟೈಟ್ ಅಂದರೆ ಎಲ್ಲರಿಗೂ ಗೊತ್ತು. ಗಾಳಿ ಇರುವಷ್ಟು ಹೊತ್ತು ನೀರಾಗಿರುತ್ತದೆ. ಗಾಳಿಯಿಲ್ಲದ ಕಡೆ ಲೋಹ ಸೋಕಿದರೆ ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಹೊಸ ಬಾಟಲಿಯನ್ನೂ ಪೂರ್ತಿ ತುಂಬದೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ, ಅದಕ್ಕೇ. ನೀಲಿಯದು ಕೈ ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಂಪಿನದು ಹಟಮಾರಿ, ಅದಕ್ಕೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಕೀಲಿಗೆ ಅಂಟು ಹಾಕಿದ್ದು ಸರಿಯೇ. ಅಲಗು ತೆರೆದು ಮುಚ್ಚುತ್ತಾ ಇದ್ದರೆ ಆ ಸ್ಕ್ರೂ ಸಡಿಲವಾಗುತ್ತಾ ಹೋಗುತ್ತದೆ. ಆದರೆ ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನ ಪುಟಾಣಿ ಸ್ಕ್ರೂಗಳಿಗೂ ಸುರಿದಿದ್ದಾರೆ ಪುಣ್ಯಾತ್ಮರು. ಅದು ಸುಮ್ನೆ ಸೋಮಾರಿತನ.

ಬಿಸಿ ಮಾಡುವುದು ಅಂದಕೂಡಲೇ ಗ್ಯಾಸ್ ಒಲೆಗೆ ಹಿಡಿಯುವುದಲ್ಲ. ಬೆಂಕಿಗೆ ಹಿಡಿದರೆ ಅಲಗಿನ ಹದ ಹೋಗುತ್ತದೆ. ಇಂಥ ಸ್ಟೇನ್‌ಲೆಸ್ ಅಲಗುಗಳಿಗೆ ಹದ ಕೊಡುವುದೇ ಹೆಚ್ಚಾಗಿ 200 ಡಿಗ್ರಿಯ ಆಸುಪಾಸಿನಲ್ಲಿ. ಅದನ್ನು ಮೀರಿ ಕಾದರೆ ಉಕ್ಕು ಮೆತ್ತಗಾಗಿ ಹರಿತ ನಿಲ್ಲುವುದಿಲ್ಲ. ನೈಲಾನ್ ಹಿಡಿಯಾದರೆ ಕರಗಿಯೇ ಹೋಗುತ್ತದೆ. ಬಿಸಿ ಸ್ಕ್ರೂಗೆ ಮಾತ್ರ ಹೋಗಬೇಕು. ಅದಕ್ಕೆ ಸೋಲ್ಡರಿಂಗ್ ಐರನ್‌ಗಿಂತ ಒಳ್ಳೆಯದು ಇಲ್ಲ. ರೇಡಿಯೋ ರಿಪೇರಿಯ 25 ವ್ಯಾಟಿನದೇ ಸಾಕು, ತುದಿ 300 ಡಿಗ್ರಿ ದಾಟಿರುತ್ತದೆ.

ತುದಿಗೆ ಚೂರು ಸೀಸ, ಅಂದರೆ ಬೆಸುಗೆ ಹಾಕುವ ಸೋಲ್ಡರ್, ಕರಗಿಸಿಕೊಂಡೆ. ಒಣ ತುದಿ ಒಂದೆರಡು ಕಡೆ ಮಾತ್ರ ತಾಗುತ್ತದೆ. ಕರಗಿದ ಸೀಸ ಗುಳಿಯ ಮೂಲೆಮೂಲೆಗೆ ಹರಡಿ ಬಿಸಿ ಬೇಗ ದಾಟಿಸುತ್ತದೆ. ಸ್ಟೇನ್‌ಲೆಸ್ ಸ್ಕ್ರೂಗೆ ಅದು ಅಷ್ಟು ಸುಲಭಕ್ಕೆ ಅಂಟುವುದೂ ಇಲ್ಲ. ಒಂದು ನಿಮಿಷದ ಮೇಲೆಯೇ ಒತ್ತಿ ಹಿಡಿದೆ, ಇನ್ನೊಂದು ಕೈಯ ಬೆರಳು ಅಲಗಿನ ನಡುವೆ. ಬೆರಳಿಗೆ ತಡೆಯದಷ್ಟು ಸುಟ್ಟರೆ ನಿಲ್ಲಿಸು ಅಂತ ಲೆಕ್ಕ. ಬರೀ ಬೆಚ್ಚಗಾಗಿತ್ತು. ಸ್ಕ್ರೂ ಸುತ್ತ ಸಣ್ಣ ಹೊಗೆ ಎದ್ದು ಮೂಗಿಗೆ ಘಾಟು ಹೊಡೆಯಿತು. ಕಿಟಕಿ ಮೊದಲೇ ತೆರೆದಿಟ್ಟುಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ.

ಅಷ್ಟಾದ ಮೇಲೆ ತಡ ಮಾಡಬಾರದು. ಆರಿದರೆ ಅಂಟು ಮತ್ತೆ ಬಿಗಿಯುತ್ತದೆ. ಗುಳಿಯ ಸೀಸ ಒರೆಸಿ, ಕೀಲಿನ ಆ ಬದಿಯ ತಲೆಗೂ ಒಂದು ಬಿಟ್ ಕೊಟ್ಟು (ಇಲ್ಲದಿದ್ದರೆ ಇಡೀ ಕೀಲೇ ತಿರುಗುತ್ತದೆ), ಈ ಬದಿಯದನ್ನು ನೇರ ಕೆಳಕ್ಕೆ ಒತ್ತಿ ನಿಧಾನ ತಿರುಗಿಸಿದೆ. ಟಕ್ ಅಂತ ಬಿಟ್ಟಿತು. ಸ್ಕ್ರೂವಿನ ಮರೆಗಳ (ಥ್ರೆಡ್) ಸಂದಿಯಿಂದ ಕೆಂಪು ಪುಡಿ ಉದುರಿತು. ಕೆಂಪಿನದೇ ಹಾಕಿದ್ದಾರೆ!

ನಮ್ಮ ಕಡೆಯ ಹಳೆಯ ಉಪಾಯವೇ ಇದು ಅನ್ನಿಸಿತು. ತಲ್ವಾರುಗಳ ಹಿಡಿಯನ್ನು ಅರಗು ಕರಗಿಸಿ ಕೂರಿಸುತ್ತಿದ್ದರು. ಬಿಚ್ಚಬೇಕಾದರೆ ಮತ್ತೆ ಕಾಯಿಸಿದರಾಯಿತು. ಕೆಂಪಿನ ಅಂಟು ಹಾಕುವವರೂ ಬಿಚ್ಚುವವನ ಬಗ್ಗೆ ಅಷ್ಟು ಯೋಚಿಸಬಹುದಿತ್ತು, ಅಲ್ವಾ?

ಒಳಗೆ ಕಂಚಿನ ವಾಷರಿನ ಅಂಚಿಗೆ ಮೇಣ ಕಪ್ಪು ದಾರದ ಹಾಗೆ ಸುತ್ತಿಕೊಂಡಿತ್ತು. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಉಜ್ಜಿದರೆ ಬಂತು. ಮರೆಯಲ್ಲಿ ಉಳಿದ ಅಂಟನ್ನು ಸೂಜಿಯಿಂದ ಕೆರೆದು, ಹಲ್ಲುಜ್ಜುವ ಹಳೇ ಬ್ರಷ್ಷಿಗೆ ಅಸಿಟೋನ್ ಹಾಕಿ ತಿಕ್ಕಿದೆ. ಎಣ್ಣೆ ಜಿಡ್ಡಿದ್ದರೆ ಹೊಸ ಅಂಟು ಹಿಡಿಯುವುದಿಲ್ಲ.

ಜೋಡಿಸುವಾಗ ಕೀಲಿಗೆ ನೀಲಿಯದು, ಸೂಜಿಮೊನೆಯಷ್ಟೇ. ಕ್ಲಿಪ್ಪಿಗೆ ಏನೂ ಹಾಕಲಿಲ್ಲ. ಅಲಗು ಅಲುಗಾಡದ ಹಾಗೆ ಬಿಗಿದು, ಆಮೇಲೆ ಒಂಚೂರು ಸಡಿಲಿಸಿ, ಹೆಬ್ಬೆರಳಲ್ಲಿ ತಳ್ಳಿದರೆ ತೆರೆಯುವ ಹದಕ್ಕೆ ತಂದು ನಿಲ್ಲಿಸಿದೆ. ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಭಾವನಿಗೆ ಫೋನ್ ಮಾಡಿ ನಾಡಿದ್ದು ಬನ್ನಿ ಅಂದೆ.